ಕೊರಳಿಗೆ ಹಚ್ಚಿದ ಕೈ

ಡಾಕ್ಟರು ಬರುವ ಮೊದಲು ಬರುವ ಮನುಷ್ಯ ನಾನು. ಪ್ರತಿ ಗುರುವಾರ ಬೆಳಿಗ್ಗೆ ಕಲಬುರಗಿಯಲ್ಲಿ ಬಸ್ ಹತ್ತಿ, ಕಪನೂರದ ಕಾರ್ಖಾನೆಗಳನ್ನು ದಾಟುವಷ್ಟರಲ್ಲಿ ಒಂದು ತೂಕಡಿಕೆ ಮುಗಿಸಿ, ಕಮಲಾಪುರದಲ್ಲಿ ಇಳಿದು, ವಾರಕ್ಕೊಮ್ಮೆ ಹಲ್ಲಿನ ದವಾಖಾನೆಯಾಗುವ ನಮ್ಮ ಬಾಡಿಗೆ ಕೋಣೆಯ ಶಟರ್ ಎತ್ತುತ್ತೇನೆ. ಕಸ ಹೊಡೆಯುತ್ತೇನೆ, ಹಲ್ಲಿನ ಕುರ್ಚಿ ಒರೆಸುತ್ತೇನೆ, ಕಂಪ್ರೆಸರ್ ಹಚ್ಚಿ ಅದು ಗಾಳಿ ತುಂಬಿಕೊಳ್ಳುವ ತನಕ ಅದರ ಜೊತೆ ನಾನೂ ಗುರ್ ಅನ್ನುತ್ತೇನೆ. ಮೇಡಂ ಬರುವುದು ಮಧ್ಯಾಹ್ನ. ಅಲ್ಲಿಯ ತನಕ ಆ ಕೋಣೆಗೆ ಡಾಕ್ಟರೂ ನಾನೇ, ಪೇಶಂಟೂ ನಾನೇ, ಹೊರಗೆ ಬೆಂಚಿನ ಮೇಲೆ ಕೂತು ಗೊಣಗುವ ಜನವೂ ನಾನೇ. ಎಲ್ಲರ ದನಿಯೂ ನನ್ನ ಹತ್ತಿರ ಅದಾವ.

ಇನ್ನೊಬ್ಬರ ದನಿ ತೆಗೆಯುವುದು ನನಗೆ ಸಣ್ಣಂದಿನ ಚಾಳಿ. ಕಂಡಕ್ಟರು ಮೂಗಿನಿಂದ ‘ಮುಂದ ಸರೀರಿ’ ಅನ್ನುವುದು, ಬ್ರಹ್ಮಪುರದ ನನ್ನ ಬಾಡಿಗೆ ಮನೆಯ ಮಾಲೀಕರು ನೀರಿನ ಮೋಟಾರ್ ಬಂದ್ ಮಾಡದ ನನ್ನನ್ನು ಬೈಯುವುದು, ಮೇಡಂ ಪ್ರತಿ ಮಾತಿನ ಕೊನೆಗೆ ‘ಅಷ್ಟೇ’ ಅಂತ ಮೊಳೆ ಹೊಡೆಯುವುದು, ಎಲ್ಲಾ ಒಮ್ಮೆ ಕೇಳಿದರೆ ಬಂದುಬಿಡುತ್ತದೆ. ಜನ ನಗುತ್ತಾರೆ, ಇನ್ನೊಂದು ತಗಿಯೋ ಅನ್ನುತ್ತಾರೆ. ಇದರ ನಷ್ಟ ಗೊತ್ತಾದದ್ದು ಹೋದ ವರ್ಷ ಜ್ವರ ಬಂದಾಗ. ಎದ್ದು ನೀರು ತೆಗೆದುಕೊಳ್ಳಲೂ ಆಗದೆ ಗೆಳೆಯನಿಗೆ ಫೋನ್ ಹಚ್ಚಿ, ಸ್ವಲ್ಪ ರೂಮಿಗೆ ಬಾರೋ ಅಂದೆ. ಅವನು ಸಮಾಧಾನದಿಂದ ಪೂರ್ತಿ ಕೇಳಿ, ಭಾಳ ಚೊಲೋ ಬಂತು, ಯಾರ ದನಿ ಇದು ಅಂತ ಕೇಳಿದ. ನಾನೂ ಯಾರದೋ ಒಂದು ಹೆಸರು ಹೇಳಿ ಫೋನ್ ಇಟ್ಟೆ.

ಮೇಡಂ ನನ್ನನ್ನು ಇಟ್ಟುಕೊಂಡದ್ದು ಈ ಚಾಳಿಗಾಗಿಯೇ. ಅವರು ಮಕ್ಕಳ ಹಲ್ಲಿನ ಡಾಕ್ಟರು. ಮೊದಲ ಸಲ ಬರುವ ಕೂಸನ್ನು ಕುರ್ಚಿಗೆ ತಯಾರು ಮಾಡುವುದು ನನ್ನ ಕೆಲಸ. ಅದಕ್ಕೆ ಒಂದು ಕ್ರಮ ಇದೆ: ಮೊದಲು ಹೇಳಬೇಕು, ಆಮೇಲೆ ತೋರಿಸಬೇಕು, ಆಮೇಲೆ ಮಾಡಬೇಕು. ಹೇಳಿದ್ದನ್ನೇ ತೋರಿಸಬೇಕು, ತೋರಿಸಿದ್ದನ್ನೇ ಮಾಡಬೇಕು. ಇದರ ಜೊತೆ ಮೇಡಂದು ಒಂದು ಕಟ್ಟಪ್ಪಣೆ: ಯಾವ ಕೂಸನ್ನೂ ಕೈಕಾಲು ಹಿಡಿದು ಕೂರಿಸಬಾರದು. ‘ಹಿಡದು ಮಾಡಿದ್ರ ಇವತ್ತಿನ ಹಲ್ಲು ಉಳೀತದ, ನಾಳಿಂದ ಆ ಕೂಸು ದವಾಖಾನಿ ಕಡೆ ತಲಿ ಹಾಕಿ ಮಲಗಂಗಿಲ್ಲ. ಅಷ್ಟೇ.’

ನನ್ನ ಕೈಯಲ್ಲಿ ಪ್ರತಿ ಸಾಮಾನಿಗೂ ಒಂದು ಪಾತ್ರ ಇತ್ತು. ಬಾಯಿಯ ನೀರು ಎಳೆಯುವ ಪೈಪು ಎಷ್ಟು ಕುಡಿದರೂ ನೀರಡಿಕೆ ಹೋಗದ ಮುದಿ ಮುತ್ಯಾ. ಗಾಳಿ ಊದುವ ನಳಿಗೆ ನೆಗಡಿಯಾದ ಬೆಕ್ಕು. ಹಲ್ಲು ಕೊರೆಯುವ ಮಷೀನು ಗುಂಗಿಹುಳ. ಗುಂಗಿ ನನ್ನ ದೊಡ್ಡ ಕಲೆ. ಮಷೀನು ಬರೀ ತಿರುಗುವಾಗ ಒಂದು ಸಣ್ಣ ಸ್ವರ, ಹಲ್ಲಿಗೆ ತಾಗಿದಾಗ ಸ್ವಲ್ಪ ಇಳಿದ ಸ್ವರ. ಎರಡನ್ನೂ ಹಲ್ಲು ಕಚ್ಚಿ ನಾಲಿಗೆಯ ಬದಿಯಿಂದ ತೆಗೆಯುತ್ತಿದ್ದೆ. ಒಮ್ಮೆ ಕಲಬುರಗಿಯ ದವಾಖಾನೆಯಲ್ಲಿ ಮೇಡಂ ಅವರೇ ಮೋಸ ಹೋಗಿ ಮಷೀನು ಬಂದ್ ಮಾಡಲು ತಿರುಗಿದ್ದರು.

ಆ ಹುಡುಗಿ ಬಂದದ್ದು ಅಂಥ ಒಂದು ಗುರುವಾರ, ಆಯಿಯ ಸೊಂಟದ ಮೇಲೆ ಕೂತು. ಎಡಗಲ್ಲದಲ್ಲಿ ಲಿಂಬೆಹಣ್ಣು ಇಟ್ಟುಕೊಂಡಂಥ ಬಾವು. ಇನ್ನೂ ಅಂಗನವಾಡಿಗೆ ಹೋಗುವ ಕೂಸು. ಅವ್ವ, ಅಪ್ಪ ಪುಣೆಯಲ್ಲಿ ಬಿಲ್ಡಿಂಗ್ ಕೆಲಸಕ್ಕಿದ್ದರು. ಆಯಿ ಅಂದರೆ ತಂದೆಯ ತಾಯಿ, ಹೆದ್ದಾರಿಯ ಬದಿಗೆ ಕಮಲಾಪುರದ ಕೆಂಪು ಬಾಳೆಹಣ್ಣು ಮಾರುತ್ತಾ ಮೊಮ್ಮಗಳನ್ನು ನೋಡಿಕೊಳ್ಳುತ್ತಿದ್ದಳು. ಒಳಗೆ ಕಾಲಿಡುವ ಮೊದಲೇ ಆಯಿ ತನ್ನ ರೀತಿಯ ತಯಾರಿ ಶುರು ಮಾಡಿದ್ದಳು. ಸೂಜಿ ಇಲ್ಲ, ಕೊಯ್ಯಂಗಿಲ್ಲ, ರಗತ ಬರಂಗಿಲ್ಲ, ಇಕ್ಕಳ ಹಾಕಿ ಎಳಿಯಂಗಿಲ್ಲ ಅಂತ ಒಂದೊಂದಾಗಿ ಧೈರ್ಯ ತುಂಬಿದ್ದಳು. ಅಲ್ಲಿಯ ತನಕ ಕೂಸಿಗೆ ಇಷ್ಟೆಲ್ಲಾ ಇರಬಹುದು ಅಂತ ಅಂದಾಜೇ ಇರಲಿಲ್ಲ.

ಮೇಡಂ ಕುರ್ಚಿಗೆ ಕರೆಯಲಿಲ್ಲ. ಆಯಿಯ ತೊಡೆಯ ಮೇಲೆಯೇ ಕೂರಿಸಿ, ಅಳುವಾಗ ತೆರೆದ ಬಾಯಿಯಲ್ಲಿ ಟಾರ್ಚ್ ಬಿಟ್ಟು ನೋಡಿದರು. ಕೆಳಗಿನ ದವಡೆಯ ಹಾಲುಹಲ್ಲು ಒಳಗೇ ಕೊಳೆತಿತ್ತು. ಬಾವು ಇಳಿಯಲು ಔಷಧಿ ಕೊಟ್ಟರು. ಇಳಿದ ಮೇಲೆ ಹಲ್ಲಿನ ನರ ಸ್ವಚ್ಛ ಮಾಡಿ, ಔಷಧಿ ತುಂಬಿ, ಮೇಲೆ ಉಕ್ಕಿನ ಟೊಪ್ಪಿಗೆ ಕೂರಿಸಬೇಕು. ಹಾಲುಹಲ್ಲು ಕಿತ್ತು ಒಗೀರಿ ಅಂದಳು ಆಯಿ. ಅದರ ಕೆಳಗಿನ ಗಟ್ಟಿ ಹಲ್ಲು ಬರಲು ಇನ್ನೂ ವರ್ಷಗಟ್ಟಲೆ ಇದೆ, ಈಗಲೇ ಕಿತ್ತರೆ ಅಕ್ಕಪಕ್ಕದವು ಸರಿದು ಜಾಗ ಮುಚ್ಚುತ್ತವೆ ಅಂತ ಮೇಡಂ ತಿಳಿಸಿದರು. ಕೂಸು ಕುರ್ಚಿಯಲ್ಲಿ ಕೂತರೆ ಇಲ್ಲೇ ಆಗುತ್ತದೆ. ಕೂರದಿದ್ದರೆ ಹೈದರಾಬಾದಿಗೆ ಒಯ್ದು, ಮೈಮೇಲೆ ಎಚ್ಚರ ಇಲ್ಲದ ಹಾಗೆ ಔಷಧಿ ಕೊಟ್ಟು ಪೂರ್ತಿ ಮಲಗಿಸಿ ಮಾಡಿಸಬೇಕು. ತಡ ಮಾಡುವ ಹಾಗಿಲ್ಲ, ಔಷಧಿ ಬಾವು ಇಳಿಸುತ್ತದೆ, ಹಲ್ಲನ್ನು ವಾಸಿ ಮಾಡುವುದಿಲ್ಲ.

ಆಯಿ ಕೂಸಿನ ಬಾಯಿಯನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಮೇಡಂ ಬಿಟ್ಟು ನನ್ನ ಕಡೆ ನೋಡಿ ಕೇಳಿದಳು. ‘ಮಲಗಸೋದು ನಿಮ್ಮ ಕೈಯಾಗ ಅದ ತಮ್ಮಾ. ಎಬ್ಬಸೋದು ಯಾರ ಕೈಯಾಗ ಅದ? ಅವರವ್ವ ನನ್ನ ನಂಬಿ ಬಿಟ್ಟು ಹೋಗ್ಯಾಳ.’

ಆ ಭಾನುವಾರ ನಾನು ಮತ್ತೆ ಕಮಲಾಪುರಕ್ಕೆ ಹೋದೆ, ಹುಡುಗಿಯನ್ನು ಕುರ್ಚಿಗೆ ತಯಾರು ಮಾಡಲು, ಅವರ ಮನೆಗೆ. ಭಾನುವಾರ ಹೋಗು ಅಂತ ಯಾರೂ ಹೇಳಿರಲಿಲ್ಲ. ರೂಮಿನಲ್ಲಿ ಇದ್ದಿದ್ದರೆ ಬಟ್ಟೆ ಒಗೆದು, ಗೋಡೆಗೆ ಮಾಲೀಕರ ದನಿಯಲ್ಲಿ ಬೈದು, ಮಲಗುತ್ತಿದ್ದೆ.

ಬಾವು ಇಳಿದಿತ್ತು. ಹುಡುಗಿ ಬಾಗಿಲ ಸಂದಿಯಿಂದ ಒಂದು ಕಣ್ಣು ತೋರಿಸಿದಳು. ಚೀಲದಿಂದ ಬಾಯಿಕನ್ನಡಿ ತೆಗೆದು ನನ್ನದೇ ಬಾಯಿ ನೋಡಿಕೊಳ್ಳತೊಡಗಿದೆ. ಎರಡನೇ ಕಣ್ಣೂ ಬಂತು. ನನ್ನ ಹಲ್ಲು ಎಣಿಸು ಅಂದೆ. ಅವಳಿಗೆ ಎಣಿಕೆ ಹತ್ತರ ತನಕ ಬರುತ್ತಿತ್ತು, ಆಮೇಲೆ ಮತ್ತೆ ಒಂದರಿಂದ. ಆ ಲೆಕ್ಕದಲ್ಲಿ ನನ್ನ ಬಾಯಿಯಲ್ಲಿ ಎಷ್ಟು ಹಲ್ಲು ಅನ್ನುವುದು ಇವತ್ತಿಗೂ ತೀರ್ಮಾನವಾಗಿಲ್ಲ. ಆಮೇಲೆ ಆಯಿಯ ಸರದಿ. ತಂಬಾಕಿನ ಮಿಶ್ರಿ ಪುಡಿ ತಿಕ್ಕಿ ತಿಕ್ಕಿ ಕಪ್ಪಾದ ಆ ಬಾಯಿಯ ಮುಂದೆ ಕನ್ನಡಿ ಹಿಡಿದು, ‘ಇದು ಕರಿ ಹಲ್ಲು, ಇದು ಇಲ್ಲದ್ದ ಹಲ್ಲು, ಇದೂ ಇಲ್ಲದ್ದ ಹಲ್ಲು’ ಅಂತ ಹುಡುಗಿ ವರದಿ ಕೊಟ್ಟಳು. ಒಂದು ಕೆಂಪು ಬಾಳೆಹಣ್ಣಿಗೆ ಬಾಯಿ ಕೊರೆದು ಪೇಶಂಟು ಮಾಡಿದೆವು. ಅದರ ಹುಳುಕು ತೆಗೆದು, ಹಿಟ್ಟು ತುಂಬಿ, ಆಮೇಲೆ ಪೇಶಂಟನ್ನು ಇಬ್ಬರೂ ಹಂಚಿಕೊಂಡು ತಿಂದೆವು.

ದನಿಗಳು ಶುರುವಾದ ಮೇಲೆ ಅವಳು ನನ್ನನ್ನು ಬಿಡಲಿಲ್ಲ. ಮುತ್ಯಾ ಬೇಕು, ಬೆಕ್ಕು ಬೇಕು, ಎಲ್ಲಕ್ಕಿಂತ ಗುಂಗಿ ಬೇಕು. ಗುಂಗಿ ಅಂದಾಗ ತಾನೇ ಬಾಯಿ ತೆರೆದು ಎಡಗಲ್ಲ ಮುಂದೆ ಮಾಡುತ್ತಿದ್ದಳು. ಕಾಕಾ, ಇನ್ನೊಮ್ಮಿ. ಈ ವಯಸ್ಸಿಗೇ ಕಾಕಾ ಆದೆನಲ್ಲ ಅಂತ ಬೇಜಾರಾದರೂ ಇನ್ನೊಮ್ಮೆ ತೆಗೆದೆ. ವಾಪಸ್ ಬಸ್ಸಿನಲ್ಲಿ ಕೂತಾಗ ನಾಲಿಗೆ ನೋಯುತ್ತಿತ್ತು. ಕೆಲಸ ಮುಗಿಯಿತು ಅಂದುಕೊಂಡೆ.

ಗುರುವಾರ ಕುರ್ಚಿಗೆ ಅವಳೇ ಹತ್ತಿದಳು. ಬೆಂಚಿನ ಮೇಲಿದ್ದ ಜನರ ಕಡೆ ದೊಡ್ಡವಳ ಹಾಗೆ ನೋಡಿದಳು ಕೂಡ. ಕುರ್ಚಿ ಮೇಲೆ ಹೋಯಿತು, ಕೆಳಗೆ ಬಂತು. ಮೇಡಂ ಕನ್ನಡಿ ಹಿಡಿದು ಹಲ್ಲು ಎಣಿಸಿದರು. ನಾನು ಪಕ್ಕದಲ್ಲಿ ನಿಂತು ಮಾಸ್ಕಿನ ಒಳಗಿನಿಂದ ಒಂದೊಂದೇ ಪಾತ್ರ ತರುತ್ತಿದ್ದೆ. ಬೆಕ್ಕು ಸೀನಿತು. ಮುತ್ಯಾ ನೀರು ಕುಡಿದ. ಇನ್ನು ಮಷೀನು. ಬಾಯಿಗೆ ಹಾಕುವ ಮೊದಲು ಗಾಳಿಯಲ್ಲೇ ತಿರುಗಿಸಿ ತೋರಿಸಲು ಮೇಡಂ ಪೆಡಲ್ ಒತ್ತಿದರು. ಅದೇ ಸ್ವರ, ನಾನು ಕಲಿಸಿದ್ದೇ. ಹುಡುಗಿ ನಕ್ಕಳು. ನಕ್ಕು, ನನ್ನ ಕಡೆ ತಿರುಗಿ, ಕೈ ಚಾಚಿ ನನ್ನ ಮಾಸ್ಕನ್ನು ಕೆಳಗೆ ಎಳೆದಳು.

ನನ್ನ ತುಟಿ ಮುಚ್ಚಿದ್ದವು. ಗುಂಗಿ ನಡೆದೇ ಇತ್ತು.

ಅವಳ ಮುಖ ಬದಲಾದದ್ದನ್ನು ನಾನು ಅಷ್ಟು ಹತ್ತಿರದಿಂದ ನೋಡಿದೆ. ಮೊದಲು ದನಿ ಬರಲಿಲ್ಲ, ಉಸಿರು ಮಾತ್ರ ಒಳಗೆ ಹೋಯಿತು. ಆಮೇಲೆ ಬಂದ ಕೂಗಿಗೆ ಹೊರಗಿನ ಬೆಂಚೇ ಎದ್ದು ನಿಂತಿತು. ಕುರ್ಚಿಯಿಂದ ಜಾರಿ ಸ್ಟೀಲ್ ಟೇಬಲ್ಲಿನ ಕೆಳಗೆ ಹೋಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕೈಕಾಲು ಹಿಡೀರಿ, ಒಂದು ನಿಮಿಷದ ಕೆಲಸ ಅಂತ ಬೆಂಚಿನವರು ಸಲಹೆ ಕೊಟ್ಟರು. ಹೊರಗ ಬರದಿದ್ರ ಸೂಜಿ ಚುಚ್ಚಸ್ತೀನಿ ನೋಡು ಅಂದಳು ಆಯಿ, ಪಾಪ, ಬೇರೆ ಮಾತು ಸಿಗದೆ. ಮೇಡಂ ಪೆಡಲಿನಿಂದ ಕಾಲು ತೆಗೆದು, ಕೈಗವಸು ಬಿಚ್ಚಿ, ಇವತ್ತು ಸಾಕು ಅಂದರು.

ಸಂಜೆ ಸಾಮಾನು ತೊಳೆಯುವಾಗ ಅವರು ಬೈಯಲಿಲ್ಲ. ಬೈದಿದ್ದರೆ ಆ ದನಿಯಾದರೂ ಸಿಗುತ್ತಿತ್ತು. ಮೆತ್ತಗೆ ಹೇಳಿದರು. ‘ನೀ ಆಕಿನ್ನ ಮಷೀನಿಗೆ ತಯಾರ ಮಾಡ್ಲಿಲ್ಲ. ನಿನಗ ತಯಾರ ಮಾಡಿದಿ.’ ಈ ಸಲ ಕೊನೆಗೆ ‘ಅಷ್ಟೇ’ ಕೂಡ ಅನ್ನಲಿಲ್ಲ.

ಮುಂದಿನ ಗುರುವಾರ ಶಟರ್ ಎತ್ತುವ ಹೊತ್ತಿಗೆ ಆಯಿ ಒಬ್ಬಳೇ ಮೆಟ್ಟಿಲ ಮೇಲೆ ಕೂತಿದ್ದಳು. ಹುಡುಗಿ ಚಮಚೆ ಕಂಡರೂ ಬಾಯಿ ಬಿಗಿಹಿಡಿಯುತ್ತಿದ್ದಳಂತೆ. ಔಷಧಿ ಅರ್ಧ ಗಲ್ಲದ ಮೇಲೆ, ಅರ್ಧ ಸೆರಗಿನ ಮೇಲೆ. ಒಸಡಿನಲ್ಲಿ ಮತ್ತೆ ಸಣ್ಣ ಗುಳ್ಳೆ ಎದ್ದಿತ್ತು. ಯಾಕ ಹಿಂಗ ಮಾಡ್ತಿ ಅಂತ ಕೇಳಿದ್ದಕ್ಕೆ ಹುಡುಗಿ ಹೇಳಿದ್ದನ್ನು ಆಯಿ ನನಗೆ ಹಾಗೇ ಒಪ್ಪಿಸಿದಳು. ‘ಅವ್ವನ ದನಿ ಫೋನಿನಾಗ ಹೊಕ್ಕೊಂಡು ಹೊರಗ ಬರಲೇ ಇಲ್ಲ. ಈಗ ಕಾಕಾನ ದನಿನೂ ಮಷೀನು ಕಸಗೊಂಡ್ತು. ನಾ ಬಾಯಿ ತೆರದ್ರ ನಂದೂ ಕಸಗೋತದ ಅಂತಾಳ.’

ಆಯಿಯ ಹತ್ತಿರ ಒಂದು ಉಪಾಯ ಇತ್ತು. ಸೆರಗಿನ ಗಂಟಿನಿಂದ ಫೋನ್ ತೆಗೆದು, ಪುಣೆಯಿಂದ ಸೊಸೆ ಕಳಿಸಿದ್ದ ಒಂದು ಮಾತನ್ನು ಕೇಳಿಸಿದಳು. ಹಿಂದೆ ಸಿಮೆಂಟು ಕಲಸುವ ಸಪ್ಪಳ, ಮುಂದೆ ದಣಿದ ಹೆಣ್ಣುದನಿ: ‘ಉಂಡ್ಯೇನ ನನ ಕೂಸ?’ ನೀ ಎಲ್ಲಾರ ದನಿ ತಗೀತಿ, ಇದನ್ನೂ ತಗಿ ತಮ್ಮಾ, ಪರದೆ ಹಿಂದ ನಿಂತು ಬಾಯಿ ತೆರಿ ಅಂತ ಹೇಳು, ಅವ್ವ ಬಂದಾಳ ಅಂತ ತೆರೀತಾಳ ಅಂದಳು. ನೋಡ್ತೀನ್ರಿ ಆಯಿ ಅಂದೆ.

ನೋಡಿದೆ. ಸಂಜೆಯ ಬಸ್ಸಿನಲ್ಲಿ ಕಿಟಕಿಗೆ ಮುಖ ಹಚ್ಚಿ ಆ ದನಿಯನ್ನು ಹುಡುಕಿದೆ. ಉಸಿರು ಎಲ್ಲಿ ಒಡೆಯುತ್ತದೆ, ‘ಕೂಸ’ ಅನ್ನುವಾಗ ಸ್ವರ ಎಲ್ಲಿ ಏರುತ್ತದೆ ಅಂತ ಒಂದೊಂದೇ ಹಿಡಿದೆ. ಹಣ್ಣಿನ ಬುಟ್ಟಿಗಳು, ಪಾಳಿ ಮುಗಿಸಿದ ಜನ, ಯಾರೂ ಗಮನಿಸಲಿಲ್ಲ. ಕಪನೂರ ಬರುವಷ್ಟರಲ್ಲಿ ಅದು ಕೈಗೆ ಸಿಕ್ಕಿತು. ಮುಂದಿನ ಸೀಟಿನ ಹೆಣ್ಣುಮಗಳು ತಿರುಗಿ, ಯಾವ ತಾಯಿ, ಯಾವ ಕೂಸು ಅಂತ ನನ್ನ ಆಚೀಚೆ ಹುಡುಕಿದಳು. ನನಗೆ ಹೆಮ್ಮೆಯಾಯಿತು. ಅದನ್ನೂ ಹೇಳಿಬಿಡುತ್ತೇನೆ.

ಬ್ರಹ್ಮಪುರದ ರೂಮಿಗೆ ಬಂದು, ಕೀಲಿ ತೆಗೆದು, ಚೀಲ ಇಟ್ಟು, ಲೈಟ್ ಹಾಕುವ ಮೊದಲು ಇನ್ನೊಮ್ಮೆ ಪರೀಕ್ಷೆ ಮಾಡೋಣ ಅಂತ ಗಟ್ಟಿಯಾಗಿ ಅಂದೆ. ‘ಉಂಡ್ಯೇನ ನನ ಕೂಸ?’

ಭಾಳ ಚೊಲೋ ಬಂತು. ಎಷ್ಟು ಚೊಲೋ ಅಂದರೆ, ಇಲ್ಲ ಅಂತ ಉತ್ತರ ಕೊಡಲು ನಾನು ಬಾಯಿ ತೆರೆದಿದ್ದೆ. ಆ ರೂಮಿನಲ್ಲಿ ಯಾರೂ ನನ್ನನ್ನು ಆ ಮಾತು ಕೇಳಿರಲಿಲ್ಲ. ಲೈಟ್ ಹಾಕಿ ನೋಡಿದರೆ ಗೂಟಕ್ಕೆ ನನ್ನದೇ ಅಂಗಿ, ಮೂಲೆಯಲ್ಲಿ ನನ್ನದೇ ಬಕೆಟ್. ಆ ಒಂದು ಗಳಿಗೆಗೆ ನನ್ನಂಥ ಕತ್ತೆಗೇ ಹೀಗಾದರೆ, ಪರದೆ ಸರಿಸಿ ಆಚೆ ನೋಡುವ ಆ ಕೂಸಿಗೆ ಏನಾಗಬೇಕು. ಮಾಸ್ಕ್ ಎಳೆದು ನೋಡಿದವಳು ಪರದೆ ಎಳೆಯದೆ ಬಿಡುತ್ತಾಳೆಯೇ? ಆಮೇಲೆ ಫೋನಿನ ದನಿಯೂ ಅವಳಿಗೆ ಉಳಿಯುವುದಿಲ್ಲ.

ಆಗಲೇ ಆಯಿಗೆ ಫೋನ್ ಹಚ್ಚಿ ಒಲ್ಲೆ ಅಂದೆ. ಆಯಿಗೆ ಸಿಟ್ಟು ಬಂತು.

‘ಊರ ಮಂದಿದೆಲ್ಲಾ ತಗೀತಿ, ಒಂದು ತಾಯಿ ದನಿ ತಗಿಯಾಕ ಬರಂಗಿಲ್ಲೇನು ನಿನಗ?’

‘ಬರ್ತದ್ರಿ ಆಯಿ. ಅದಕ್ಕೇ ಒಲ್ಲೆ.’

ಆ ಕಡೆ ಫೋನ್ ಬಂದಾಯಿತು.

ಮರುದಿನ ಕಲಬುರಗಿಯ ದವಾಖಾನೆಯಲ್ಲಿ, ಕಟ್ಟಿದ ಹಲ್ಲಿನ ಸೆಟ್ ತಿಕ್ಕಿ ನುಣುಪು ಮಾಡುವ ಸಣ್ಣ ಮಷೀನನ್ನು ಮೇಡಂ ಹತ್ತಿರ ಕೇಳಿದೆ. ಡಬ್ಬಿಯಲ್ಲಿ ಹಿಡಿಸುವಂಥದ್ದು, ಮನೆಯ ಪ್ಲಗ್ಗಿಗೆ ಹಚ್ಚಿದರೆ ನಡೆಯುತ್ತದೆ, ಸ್ವರವೂ ಹತ್ತಿರ ಹತ್ತಿರ ಅದೇ. ಮುಂದೆ ಕೊರೆಯುವ ಮೊನೆ ಇಲ್ಲದೆ ಒಯ್ಯುತ್ತೇನೆ ಅಂದೆ. ಏನ್ ಮಾಡ್ತಿ ಅಂತ ಕೇಳಿದರು. ಸುಮ್ನ ಇರ್ತೀನ್ರಿ ಅಂದೆ. ಮೇಡಂ ನನ್ನ ಮುಖ ನೋಡಿದರು, ಇದು ಯಾರ ದನಿ ಅನ್ನುವ ಹಾಗೆ. ಆಮೇಲೆ ಡಬ್ಬಿ ಕೊಟ್ಟರು. ಗುಳ್ಳೆ ದೊಡ್ಡದಾಗುವುದರೊಳಗೆ ಆಗದಿದ್ದರೆ ತಾವೇ ಹೈದರಾಬಾದಿಗೆ ಚೀಟಿ ಬರೆದು ಕೊಡುವುದಾಗಿಯೂ ಹೇಳಿದರು.

ಭಾನುವಾರ ಬಾಗಿಲ ಸಂದಿಯಲ್ಲಿ ಕಣ್ಣು ಕಾಣಲಿಲ್ಲ. ಬಾಗಿಲೇ ಮುಚ್ಚಿತ್ತು. ಆಯಿ ಕಿಟಕಿಯಿಂದ ಕೈ ಚಾಚಿ ಮಷೀನಿನ ವಾಯರ್ ಒಳಗೆ ತೆಗೆದುಕೊಂಡಳು. ನಾನು ಹೊರಗಿನ ಕಟ್ಟೆಯ ಮೇಲೆ ಕೂತು ಮಷೀನು ಹಚ್ಚಿದೆ. ಸ್ವಲ್ಪ ಹೊತ್ತು ನಡೆಸಿ ಬಂದ್ ಮಾಡಿದೆ. ಮತ್ತೆ ಹಚ್ಚಿದೆ. ಓಣಿಯ ಜನ ನಿಂತು ನೋಡಿದರು, ಒಬ್ಬರು ಮಿಕ್ಸರ್ ರಿಪೇರಿ ಮಾಡ್ತೀರೇನ್ರಿ ಅಂತ ಕೇಳಿದರು. ಆ ಪ್ರಶ್ನೆಗೆ ನನ್ನ ನಾಲಿಗೆಯ ತುದಿಯಲ್ಲಿ ನಾಲ್ಕು ಜನರ ದನಿಯಲ್ಲಿ ಉತ್ತರ ಬಂದು ಕೂತಿತ್ತು. ನುಂಗಿದೆ. ಸುಮ್ಮನಿರುವುದಕ್ಕಿಂತ ಕಷ್ಟದ ಕಲೆ ಇಲ್ಲ, ಅದಕ್ಕೆ ಚಪ್ಪಾಳೆಯೂ ಇಲ್ಲ.

ಬಿಸಿಲು ಕಟ್ಟೆ ಬಿಟ್ಟು ಗೋಡೆ ಏರಿದ ಮೇಲೆ ಒಳಗಿನಿಂದ ಒಂದು ಅಪ್ಪಣೆ ಬಂತು. ಬಂದ್ ಮಾಡು. ಮಾಡಿದೆ. ಹಚ್ಚು. ಹಚ್ಚಿದೆ. ಬಂದ್. ಹಚ್ಚು. ನಾನು ತಪ್ಪದೆ ಕೇಳುತ್ತೇನೆ ಅನ್ನುವುದು ಖಾತ್ರಿಯಾದ ಮೇಲೆ ಬಾಗಿಲು ತೆರೆಯಿತು. ಕೈಯನ್ನು ಬಾಯಿಯ ಮೇಲಿಟ್ಟುಕೊಂಡೇ ಬಂದಳು. ಬಂದು, ನನ್ನ ತುಟಿ ನೋಡಿದಳು, ಮಷೀನು ನೋಡಿದಳು. ಆಗ ನನಗೆ ತೋಚಿದ್ದನ್ನು ಮಾಡಿದೆ. ಅವಳ ಇನ್ನೊಂದು ಕೈಗೆ ನನ್ನ ಕೊರಳು ತೋರಿಸಿದೆ.

ಬಾಳೆಹಣ್ಣಿನ ವಾಸನೆಯ ಅಂಟು ಕೈ. ಅದನ್ನು ನನ್ನ ಗಂಟಲಿನ ಮೇಲೆ ಇಟ್ಟು, ಬಾಯಿ ಮುಚ್ಚಿಕೊಂಡು ಮಷೀನು ಹಚ್ಚಿದೆ. ಗಂಟಲು ಸುಮ್ಮನಿತ್ತು. ಆಮೇಲೆ ಅದೇ ಕೈಯನ್ನು ಮಷೀನಿನ ಮೇಲೆ ಇಟ್ಟೆ. ಅದು ನಡುಗುತ್ತಿತ್ತು. ಮಷೀನು ಬಂದ್ ಮಾಡಿ, ಕೊರಳಿಗೆ ಕೈ ಹಚ್ಚಿಸಿ ಗುಂಗಿ ತೆಗೆದೆ. ಗಂಟಲು ನಡುಗಿತು, ಮಷೀನು ಸುಮ್ಮನಿತ್ತು. ಇನ್ನೊಮ್ಮೆ. ಇನ್ನೊಮ್ಮೆ. ಬಾಯಿಯ ಮೇಲಿನ ಕೈ ಯಾವಾಗ ಇಳಿಯಿತೋ ಅವಳಿಗೂ ಗೊತ್ತಾಗಲಿಲ್ಲ.

‘ಆಯಿ, ಎರಡು ಅದಾವ’ ಅಂದಳು. ‘ಕಾಕಾಂದು ಕಾಕಾನ ಹಂತೇಕೇ ಅದ. ಕಸಗೊಂಡಿಲ್ಲ.’

ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು. ‘ಅವ್ವಂದು?’

‘ಅವ್ವನ ದನಿ ಅವ್ವನ ಕೊರಳಾಗೇ ಅದ. ಪುಣೆದಾಗ.’

‘ಕೈ ಹಚ್ಚಿ ನೋಡಾಕ ಬರಂಗಿಲ್ಲ.’

‘ಈಗ ಬರಂಗಿಲ್ಲ. ಅವ್ವ ಬಂದಾಗ ಹಚ್ಚು.’

ಅವಳು ತಲೆಯಾಡಿಸಿದಳು. ಆಮೇಲೆ ಏನೋ ಅನುಮಾನ ಬಂದು ಕೈಯನ್ನು ಮತ್ತೆ ನನ್ನ ಕೊರಳಿಗೇ ಹಚ್ಚಿ, ಈಗ ಮಾತಾಡಿದ್ದು ಯಾರ ದನಿ ಅಂತ ಕೇಳಿದಳು. ನಂದೇ ಅಂದೆ. ಸುಳ್ಳು ಅಂದಳು. ನನಗೂ ಅಷ್ಟೇನು ಖಾತ್ರಿ ಇರಲಿಲ್ಲ, ವಾದ ಮಾಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ಆಯಿ ಸೆರಗಿನಿಂದ ಮೂಗು ಒರೆಸಿಕೊಂಡು, ಉಂಡು ಹೋಗು ತಮ್ಮಾ ಅಂದಳು. ಬಸ್ಸು ತಪ್ಪುತ್ತದೆ ಅಂತ ಹೊರಟೆ. ಬಸ್ಸುಗಳಿಗೇನು, ಬೇಕಾದಷ್ಟಿದ್ದವು.

ಗುರುವಾರ ಕುರ್ಚಿಯ ಬೆನ್ನು ಇಳಿಸಿದೆವು. ಒಂದು ಒಪ್ಪಂದ ಮಾಡಿಕೊಂಡಿದ್ದೆವು. ಅವಳ ಬಲಗೈ ನನ್ನ ಕೊರಳ ಮೇಲೆ, ಎಡಗೈ ಎತ್ತಿದರೆ ಮೇಡಂ ನಿಲ್ಲಿಸಬೇಕು. ನಾನು ಅವಳ ಬಲಕ್ಕೆ ಸ್ಟೂಲಿನ ಮೇಲೆ ಕೂತು, ಕೈಗೆ ಕೊರಳು ಎಟುಕುವಷ್ಟು ಬಾಗಿ, ನೀರು ಎಳೆಯುವ ಪೈಪು ಹಿಡಿದೆ. ಮಾಸ್ಕಿನ ಹಿಂದೆ ನನ್ನ ಬಾಯಿ ಅವಳಿಗೆ ಕಾಣುತ್ತಿರಲಿಲ್ಲ, ಕಾಣುವ ಅವಶ್ಯಕತೆಯೂ ಇರಲಿಲ್ಲ.

ಒಸಡಿಗೆ ಸಿಹಿ ಮುಲಾಮು ಹಚ್ಚಿ ಜೋಮು ಹಿಡಿಸಿದರು. ಆಮೇಲೆ ಸೂಜಿ. ಅದನ್ನು ಬಚ್ಚಿಡಲಿಲ್ಲ, ಸೊಳ್ಳೆ ಕಡಿದಷ್ಟು ಚುರ್ ಅನ್ನುತ್ತದೆ, ಹಲ್ಲಿಗೆ ನಿದ್ದೆ ಬರುತ್ತದೆ ಅಂತ ಮೇಡಂ ಹೇಳಿದರು. ಚುರ್ ಅಂದಾಗ ಅವಳ ಉಗುರು ನನ್ನ ಕೊರಳಿಗೆ ನಾಟಿತು. ಹಲ್ಲಿನ ಸುತ್ತ ರಬ್ಬರಿನ ಹಾಳೆ ಹೊದಿಸಿ, ಬರೀ ಆ ಒಂದು ಹಲ್ಲು ಹೊರಗೆ ಕಾಣುವಂತೆ ಮಾಡಿದರು. ಪೆಡಲ್ ಒತ್ತಿದರು.

ಸಣ್ಣ ಸ್ವರ. ಕೊರಳ ಮೇಲಿನ ಕೈ ಗಟ್ಟಿಯಾಯಿತು. ನಾನು ಉಗುಳನ್ನೂ ನುಂಗಲಿಲ್ಲ, ನುಂಗಿದರೆ ಗಂಟಲು ಅಲುಗುತ್ತದೆ ಅಂತ. ಹಲ್ಲಿಗೆ ತಾಗಿ ಸ್ವರ ಇಳಿದದ್ದೇ ಎಡಗೈ ಮೇಲೆ ಹೋಯಿತು. ಮೇಡಂ ಆ ಕ್ಷಣವೇ ನಿಲ್ಲಿಸಿದರು. ಕೋಣೆಯಲ್ಲಿ ಕಂಪ್ರೆಸರಿನ ಗುರ್ ಒಂದೇ ಉಳಿಯಿತು. ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ನಾನು ಬೆಕ್ಕನ್ನೋ ಮುತ್ಯಾನನ್ನೋ ತರುವವನು. ತರಲಿಲ್ಲ. ಅವಳು ಮೇಡಂ ಕಣ್ಣು ನೋಡಿದಳು, ಕೊರಳನ್ನು ಇನ್ನೊಮ್ಮೆ ಒತ್ತಿ ನೋಡಿದಳು, ಎಡಗೈಯನ್ನು ತಾನೇ ಇಳಿಸಿದಳು. ಪೆಡಲ್ ಮತ್ತೆ ಒತ್ತಿದರು.

ಆಮೇಲಿನದು ಮೇಡಂ ಕೆಲಸ. ಕೊಳೆತದ್ದು ತೆಗೆದರು, ಸಣ್ಣ ಸಣ್ಣ ತಂತಿಯಂಥವುಗಳಿಂದ ನರದ ದಾರಿ ಉಜ್ಜಿದರು, ತೊಳೆದರು, ಒಣಗಿಸಿದರು, ಔಷಧಿ ತುಂಬಿದರು. ನಾನು ಪೈಪು ಹಿಡಿದು ಬಾಗಿಯೇ ಇದ್ದೆ. ಬೆನ್ನು ಮುರಿಯುತ್ತಿತ್ತು. ಅವಳ ಕೈ ಮಾತ್ರ ನಿಧಾನಕ್ಕೆ ಸಡಿಲವಾಗುತ್ತಾ, ಬೆಚ್ಚಗಾಗುತ್ತಾ, ಕೊನೆಗೆ ಪರೀಕ್ಷೆ ಮರೆತು ಸುಮ್ಮನೆ ಅಲ್ಲೇ ಮಲಗಿತು. ಆಗ ನನಗೆ ಹೊಳೆಯಿತು. ಊರು ಬಿಟ್ಟು ಕಲಬುರಗಿಗೆ ಬಂದಾಗಿನಿಂದ ನನ್ನನ್ನು ಯಾರೂ ಇಷ್ಟು ಹೊತ್ತು ಮುಟ್ಟಿರಲಿಲ್ಲ. ಬಸ್ಸಿನಲ್ಲಿ ತಾಗಿದ ಮೊಣಕೈಗಳನ್ನು ಬಿಟ್ಟರೆ ಮುಟ್ಟಿರಲೇ ಇಲ್ಲ. ಈ ಕೆಲಸ ಮುಗಿಯದಿದ್ದರೂ ನಡೆದೀತು ಅನ್ನಿಸಿತು. ಒಂದು ಕೂಸಿನ ಹುಳುಕು ಹಲ್ಲಿನ ಮುಂದೆ ಕೂತು ಹೀಗೆ ಅನ್ನಿಸಬಾರದು, ಆದರೂ ಅನ್ನಿಸಿತು.

ರಬ್ಬರ್ ತೆಗೆದ ಮೇಲೆ ಅವಳು ಜೋಮು ಹಿಡಿದ ತುಟಿ ಮುಟ್ಟಿ ನೋಡಿಕೊಂಡಳು. ಮಾತಾಡಲು ಹೋದರೆ ಒಂದು ಬದಿಯಿಂದ ಗಾಳಿ ಹೋಗಿ, ಥೇಟ್ ಹಲ್ಲು ಬಿದ್ದ ಆಯಿಯ ದನಿ ಬಂತು. ಅವಳಿಗೇ ನಗು ಬಂದು, ಆಯಿಯ ಹಾಗೆ ಸೊಂಟಕ್ಕೆ ಕೈಯಿಟ್ಟು, ‘ಫೂಜಿ ಚುಚ್ಚಫ್ತೀನಿ ನೋಡು’ ಅಂದಳು. ಬೆಂಚು ನಕ್ಕಿತು. ದನಿ ತೆಗೆಯಲು ಇನ್ನೊಬ್ಬಳು ಹುಟ್ಟಿದಳು, ನನ್ನ ಅನ್ನಕ್ಕೆ ಕಲ್ಲು ಬೀಳುವ ಕಾಲ ಬಂತು ಅಂದುಕೊಂಡೆ. ತುಟಿ ಕಚ್ಚಿಕೊಳ್ಳದ ಹಾಗೆ ನೋಡಿಕೊಳ್ಳಿ, ಜೋಮು ಇಳಿಯುವ ತನಕ ತಿನ್ನಲು ಕೊಡಬೇಡಿ ಅಂತ ಆಯಿಗೆ ಮೇಡಂ ಹೇಳುತ್ತಿರುವಾಗ, ಹುಡುಗಿ ನನ್ನ ಮಾಸ್ಕ್ ಎಳೆದು, ಕೊರಳಿಗೆ ಕೈ ಹಚ್ಚಿ, ಈಗ ಮಾತಾಡು ಅಂದಳು.

ಏನೂ ತಯಾರಿರಲಿಲ್ಲ. ಕಂಡಕ್ಟರು, ಮಾಲೀಕರು, ಮುತ್ಯಾ, ಬೆಕ್ಕು, ಯಾರೂ ಸಹಾಯಕ್ಕೆ ಬರಲಿಲ್ಲ.

‘ನನಗೂ ಅಂಜಿಕಿ ಬಂದಿತ್ತು’ ಅಂದೆ.

ಅವಳು ಕೈ ತೆಗೆಯದೆ, ತಲೆ ಓರೆ ಮಾಡಿ, ತಿಳಿದವರ ಹಾಗೆ ಸ್ವಲ್ಪ ಹೊತ್ತು ತೂಗಿ ನೋಡಿದಳು.

‘ಇದು ನಿಂದು’ ಅಂದಳು.

ಮುಂದಿನ ವಾರ ಉಕ್ಕಿನ ಟೊಪ್ಪಿಗೆ ಕೂರಿಸಿದೆವು. ಅವಳು ತಾನೇ ಹತ್ತಿದಳು, ಮೇಡಂ ಜೊತೆ ಅಂಗನವಾಡಿಯ ಸುದ್ದಿ ಮಾತಾಡುತ್ತಲೇ ಬಾಯಿ ತೆರೆದಳು. ನಾನು ಸ್ಟೂಲಿನ ಮೇಲೆ ಬಾಗಿ ಕೂತಿದ್ದೆ. ಕೈ ಬರಲಿಲ್ಲ. ಎರಡೂ ಕೈ ಹೊಟ್ಟೆಯ ಮೇಲೆ ಆರಾಮಾಗಿ ಇದ್ದವು. ತಯಾರಿ ಸರಿಯಾಗಿ ಆದರೆ ತಯಾರು ಮಾಡಿದವನು ಬೇಕಾಗುವುದಿಲ್ಲ, ಈ ಕೆಲಸದ ಲಕ್ಷಣವೇ ಅದು. ಗೊತ್ತಿದ್ದೂ ನಾನು ಬಾಗಿಯೇ ಇದ್ದೆ. ಕೆಲಸ ಮುಗಿದ ಮೇಲೆ ಬೆಳ್ಳಿಯ ಹಾಗೆ ಹೊಳೆಯುವ ಹಲ್ಲನ್ನು ಬೆಂಚಿನ ಒಬ್ಬೊಬ್ಬರಿಗೂ ತೋರಿಸಿ, ಆಯಿಯ ಫೋನಿನಲ್ಲಿ ಫೋಟೋ ತೆಗೆಸಿ ಪುಣೆಗೆ ಕಳಿಸಿ, ಹಾರುತ್ತಾ ಹೋದಳು. ತಿರುಗಿ ನೋಡಲಿಲ್ಲ. ಆಯಿ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಟೇಬಲ್ಲಿನ ಮೇಲೆ ಇಟ್ಟು ಹೋಗಿದ್ದಳು.

ಮೇಡಂ ಕಾರು ಹೋದ ಮೇಲೆ ಸಾಮಾನು ತೊಳೆದು, ಕುರ್ಚಿ ಒರೆಸಿ, ಕಂಪ್ರೆಸರಿನ ಗಾಳಿ ಬಿಟ್ಟೆ. ಅದು ಉಸ್ ಅಂದು ಸುಮ್ಮನಾಯಿತು. ಈ ಸಲ ನಾನು ಜೊತೆಗೆ ಉಸ್ ಅನ್ನಲಿಲ್ಲ. ಖಾಲಿ ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಕೂತು, ನನ್ನದೇ ಕೈಯನ್ನು ನನ್ನ ಕೊರಳಿಗೆ ಹಚ್ಚಿ, ಯಾರ ದನಿಯೂ ಅಲ್ಲದ ದನಿಯಲ್ಲಿ ಕೇಳಿದೆ.

‘ಉಂಡ್ಯೇನು?’

ಬೆರಳಿಗೆ ಸಣ್ಣ ನಡುಕ ತಾಗಿತು.

‘ಇಲ್ಲ’ ಅಂದೆ. ಅದೂ ತಾಗಿತು. ಒಂದು ಬಾಳೆಹಣ್ಣು ಸುಲಿದುಕೊಂಡು, ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ, ಅಲ್ಲೇ ಕೂತು ತಿಂದೆ.